ಸ್ಟ್ರ್‌ಎನ್‌ಕಾಪಿ ಹಾಕಿದರೆ ಸಾಲದು

ಕೋಡ್ ರಿವ್ಯೂಗೆ ಕೂತಾಗ ಪದೇ ಪದೇ ಕಾಣುವ ತಪ್ಪು ಒಂದಿದೆ. ಸಿ ಭಾಷೆಯಲ್ಲಿ ಸ್ಟ್ರಿಂಗ್ ಅಂದರೆ ಅಕ್ಷರಗಳ ಸಾಲು, ಅದನ್ನು ನಕಲು ಮಾಡುವ ಫಂಕ್ಷನ್ ಸ್ಟ್ರ್‌ಕಾಪಿ. ಅದು ಇದ್ದ ಕಡೆಯೆಲ್ಲ, ಇಷ್ಟು ಬೈಟ್ ಮೀರಬೇಡ ಅಂತ ಅಳತೆ ಕೊಡುವ ಸ್ಟ್ರ್‌ಎನ್‌ಕಾಪಿ ಹಾಕಿ, 'ಈಗ ಸೇಫ್ ಅಲ್ವಾ ಸರ್' ಅನ್ನುತ್ತಾರೆ. ಅಳತೆ ಕೊಟ್ಟಿದ್ದೇವಲ್ಲ ಎಂಬ ಧೈರ್ಯ.

ಕೊಟ್ಟ ಅಳತೆ ದಾಟಿ ಅದು ಬರೆಯುವುದಿಲ್ಲ, ನಿಜ. ಆದರೆ ಮೂಲದ ಸ್ಟ್ರಿಂಗ್ ಆ ಅಳತೆಯಷ್ಟೇ ಇದ್ದರೂ, ಅದಕ್ಕಿಂತ ಉದ್ದವಿದ್ದರೂ ಕೊನೆಯ ಸೊನ್ನೆ ಬೈಟ್ ಹಾಕುವುದೇ ಇಲ್ಲ. ಸಿ ಭಾಷೆಯಲ್ಲಿ ಸ್ಟ್ರಿಂಗ್ ಇಲ್ಲಿಗೆ ಮುಗಿಯಿತು ಅಂತ ಹೇಳುವುದೇ ಆ ಸೊನ್ನೆ. ಅದಿಲ್ಲದಿದ್ದರೆ ಪ್ರೋಗ್ರಾಂ ಮೆಮೊರಿಯಲ್ಲಿ ಪಕ್ಕದ ಮನೆಯದನ್ನೂ ಓದುತ್ತಾ ಹೋಗುತ್ತದೆ.

ಊರಿನ ಹೆಸರು ತೋರಿಸುವ ಒಂದು ಸಣ್ಣ ಯಂತ್ರ. ಸ್ಟ್ರ್‌ಎನ್‌ಕಾಪಿಯಿಂದ ತುಂಬುವ ಹೆಸರಿಗೆ 16 ಬೈಟ್, ಪಕ್ಕದಲ್ಲೇ ಪಿನ್‌ಕೋಡ್. ಇಂಗ್ಲಿಷ್‌ನಲ್ಲಿ ಸರಿಯಾಗಿತ್ತು. ಕನ್ನಡ ಹಾಕಿದ ದಿನ 'ಬೆಂಗಳೂರು' ಕೆಟ್ಟಿತು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಕೊಂಬು, ಏತ್ವಕ್ಕೂ ತಲಾ 3 ಬೈಟ್. ಈ ಹೆಸರಿಗೆ 24 ಬೇಕು. 16ರಲ್ಲಿ ಹಿಡಿದಿದ್ದು 'ಬೆಂಗಳ', ಮುಂದಿನ ಕೊಂಬಿನ ಒಂದೇ ಒಂದು ಬೈಟ್ ಚೂರು, ಅದಕ್ಕೆ ಅಂಟಿಕೊಂಡು 560001. ಹೊಸದಾಗಿ ಸೇರಿದ್ದ ಹುಡುಗಿ ಎರಡು ದಿನ ಫಾಂಟ್ ತಪ್ಪೆಂದು ಹುಡುಕಿದ್ದಳು. ಪಾಪ, ಅವಳನ್ನು ಬೈಯಲು ಮನಸ್ಸಾಗಲಿಲ್ಲ. ಫಂಕ್ಷನ್‌ನ ಹೆಸರೇ ದಾರಿ ತಪ್ಪಿಸುತ್ತದೆ.

ಹಳೇ ಯುನಿಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಫೈಲ್ ಹೆಸರಿಗೆ 14 ಬೈಟಿನ ಗೂಡು ಇರುತ್ತಿತ್ತು. ಗೂಡು ತುಂಬಿದರೆ ಸೊನ್ನೆ ಬೇಡ, ಜಾಗ ಉಳಿದರೆ ಅಷ್ಟಕ್ಕೂ ಸೊನ್ನೆ. ಸ್ಟ್ರ್‌ಎನ್‌ಕಾಪಿ ಅಂಥ ಗೂಡಿಗೆ ಹೊಂದುವ ಸಾಧನ. ಅದಕ್ಕೇ 4096 ಬೈಟಿನ ಬಫರ್‌ಗೆ (ಡೇಟಾ ಇಡಲು ತೆಗೆದಿಟ್ಟ ಜಾಗಕ್ಕೆ) 5 ಬೈಟಿನ ಹೆಸರು ಹಾಕಿದರೂ ಉಳಿದ 4091ಕ್ಕೂ ಸುಮ್ನೆ ಸೊನ್ನೆ ಬರೆಯುತ್ತದೆ.

ಇದರ ಬದಲು ನಾನು ಸಾಮಾನ್ಯವಾಗಿ ಎಸ್‌ಎನ್‌ಪ್ರಿಂಟ್‌ಎಫ್ ಎಂಬ ಫಂಕ್ಷನ್ ಬಳಸಿ ಅನ್ನುತ್ತೇನೆ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನವರು 1998ರಲ್ಲಿ ತಂದ ಸ್ಟ್ರ್‌ಎಲ್‌ಕಾಪಿಯೂ ಆದೀತು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಸಿ ಲೈಬ್ರರಿ ಜಿಲಿಬ್‌ಸಿಗೂ ಅದು 2023ರಲ್ಲಿ ಬಂತು. ಬಫರ್ ಅಳತೆ ಸೊನ್ನೆ ಅಲ್ಲದಿದ್ದರೆ ಎರಡೂ ಕೊನೆಯ ಸೊನ್ನೆ ಹಾಕುತ್ತವೆ. ಪೂರ್ತಿ ಉದ್ದ ಎಷ್ಟಿತ್ತು ಅಂತಲೂ ತಿರುಗಿ ಹೇಳುತ್ತವೆ. ಆ ಉತ್ತರವನ್ನು ದಯವಿಟ್ಟು ನೋಡಿ! ಅದು ಬಫರ್ ಅಳತೆಯಷ್ಟೇ ಇದ್ದರೂ ಜಾಸ್ತಿ ಇದ್ದರೂ ಸ್ಟ್ರಿಂಗ್ ತುಂಡಾಗಿದೆ. ಮೂಲದಲ್ಲೇ ಸೊನ್ನೆ ಇಲ್ಲದಿದ್ದರೆ ಮಾತ್ರ ಇವೂ ಕಾಪಾಡುವುದಿಲ್ಲ.

ತುಂಡಾದರೆ ಏನು ಮಾಡಬೇಕು ಎಂಬುದು ಜಾಗ ನೋಡಿ ಹೇಳಬೇಕಾದ ಮಾತು. ಪರದೆಯ ಮೇಲಿನ ಹೆಸರಾದರೆ ಅಕ್ಷರದ ಗಡಿ ನೋಡಿ ಕತ್ತರಿಸಬಹುದು. ಫೈಲ್ ಪಾತ್ ತುಂಡಾದರೆ ಬೇರೆ ಫೈಲೇ ತೆರೆದುಕೊಳ್ಳಬಹುದು, ಅಲ್ಲಿ ಎರರ್ ಕೊಟ್ಟು ನಿಲ್ಲಿಸಿ. ಆ ಹುಡುಗಿ ಹೆಸರಿನ ಬಫರನ್ನು 64ಕ್ಕೆ ಏರಿಸಿದಳು, ಹಿಡಿಸದ ಹೆಸರು ಬಂದರೆ ಲಾಗ್ ಆಗುವಂತೆ ಮಾಡಿದಳು. ಆಮೇಲೆ ಮೊದಲು ಹಾಕಿ ನೋಡಿದ್ದು 'ಚಿಕ್ಕಬಳ್ಳಾಪುರ'.