ಕ್ಲಚ್ ಹಾರ್ಡ್ ಆಯ್ತೇ? ಪ್ಲೇಟ್ ನೋಡಿ

ಸುಗ್ಗಿಯಲ್ಲಿ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬರುವ ಗೂಡ್ಸ್ ಗಾಡಿಗಳು ಸಾಲಿನಲ್ಲಿ ತೆವಳುತ್ತವೆ. ಪೆಡಲ್ ಅರ್ಧ ತುಳಿದೇ ಓಡಿಸುವ ಹಾಫ್ ಕ್ಲಚ್ಚಿನಲ್ಲೇ ಪ್ಲೇಟ್ ಸವೆಯುತ್ತದೆ. ಆಮೇಲೆ ಗ್ಯಾರೇಜಿನಲ್ಲಿ ಒಂದೇ ದೂರು: "ಕ್ಲಚ್ ಭಾಳ ಹಾರ್ಡ್ ಆಗೈತ್ರಿ." ಕೇಬಲ್ಲಿಗೆ ಎಣ್ಣೆ ಬಿಟ್ಟು ಕಳಿಸುವುದು ರೂಢಿ. ಆದರೆ ಪ್ಲೇಟ್ ಸವೆದರೂ ಪೆಡಲ್ ಬಿಗಿಯಾಗುತ್ತದೆ. ಕಾರಣ ಕ್ಲಚ್ಚಿನೊಳಗಿನ ಸ್ಪ್ರಿಂಗಿನ ಆಕಾರದಲ್ಲಿದೆ.

ಎಂಜಿನ್ನಿನ ಜೊತೆ ತಿರುಗುವ ಚಕ್ರ ಫ್ಲೈವೀಲ್. ಅದಕ್ಕೂ ಒತ್ತುವ ಬಿಲ್ಲೆಯಾದ ಪ್ರೆಶರ್ ಪ್ಲೇಟಿಗೂ ನಡುವೆ, ಗೇರ್ ಬಾಕ್ಸಿಗೆ ಶಕ್ತಿ ದಾಟಿಸುವ ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವುದು ಸ್ಪ್ರಿಂಗಿನ ಕೆಲಸ. ಮೊದಲು ಸುತ್ತಲೂ ಸುರುಳಿ ಸ್ಪ್ರಿಂಗುಗಳಿದ್ದವು. ಒತ್ತಿದಷ್ಟೂ ಅವು ಬಿಗಿ. ಪ್ಲೇಟ್ ಸವೆದಂತೆ ಅವು ಉದ್ದವಾಗಿ ಹಿಡಿತ ಸಡಿಲವಾಗುತ್ತಿತ್ತು, ಕ್ಲಚ್ ಸ್ಲಿಪ್ ಹೊಡೆಯುತ್ತಿತ್ತು. ಎಂಜಿನ್ ಜೋರಾಗಿ ತಿರುಗಿದರೆ ಸುರುಳಿಗಳು ಹೊರಕ್ಕೆ ಬಾಗುತ್ತಿದ್ದವು.

ಪರಿಹಾರದ ಬೀಜ ಹಳೆಯದು. ನಡುವೆ ತೂತಿರುವ ಉಬ್ಬು ಬಿಲ್ಲೆಯಂಥ ಸ್ಪ್ರಿಂಗಿಗೆ ಫ್ರಾನ್ಸಿನ ಜೂಲಿಯನ್ ಬೆಲ್ವಿಲ್ 1867ರಲ್ಲಿ ಪೇಟೆಂಟ್ ಪಡೆದಿದ್ದ. ಅದರ ಲೆಕ್ಕವನ್ನು 1936ರಲ್ಲಿ ಬಿಡಿಸಿಟ್ಟವರು ಎಂಜಿನಿಯರುಗಳಾದ ಆಲ್ಮನ್ ಮತ್ತು ಲಾಸ್ಲೊ. ಉಬ್ಬಿನ ಎತ್ತರ ತಗಡಿನ ದಪ್ಪದ ಸುಮಾರು 1.4 ಪಟ್ಟು ದಾಟಿದರೆ ವಿಚಿತ್ರ ನಡೆಯುತ್ತದೆ: ಒತ್ತುತ್ತಾ ಹೋದಂತೆ ಬಲ ಏರಿ, ಒಂದು ಹಂತದ ನಂತರ ಇಳಿಯುತ್ತದೆ. ನನಗೆ ಇಡೀ ಕಥೆಯಲ್ಲಿ ಇದೇ ದೊಡ್ಡ ಮಾತು. 1930ರ ದಶಕದಲ್ಲೇ ಜನರಲ್ ಮೋಟರ್ಸ್ ಇದನ್ನು ಕ್ಲಚ್ಚಿಗೆ ತಂದಿತು. ಬಿಲ್ಲೆಯ ಒಳಅಂಚಿನಿಂದ ಸೀಳು ಹೊಡೆದು ಬೆರಳಿನಂಥ ಪಟ್ಟಿಗಳನ್ನು, ಅಂದರೆ ಫಿಂಗರ್ ಮಾಡಿದ್ದರಿಂದ ಪ್ರೆಶರ್ ಪ್ಲೇಟನ್ನು ಹಿಂದಕ್ಕೆಳೆಯುವ ಬೇರೆ ಲಿವರುಗಳೂ ಬೇಡವಾದವು. ಯುರೋಪಿನ ಕಾರುಗಳಲ್ಲಿ ಇದು ಹರಡಿದ್ದು ಎರಡನೇ ಮಹಾಯುದ್ಧದ ನಂತರ.

ಹೊಸ ಕ್ಲಚ್ಚಿನಲ್ಲಿ ಸ್ಪ್ರಿಂಗ್ ಆ ಏರನ್ನು ದಾಟಿ ಇಳಿಜಾರಿನಲ್ಲಿ ಕೂತಿರುತ್ತದೆ. ಹಾಗಾಗಿ ತುಳಿದಾಗ ಹಗುರ. ಪ್ಲೇಟ್ ಸವೆದಂತೆ ಅದು ಹಿಂದಕ್ಕೆ, ಏರಿನ ತುದಿಯತ್ತ ಸರಿಯುತ್ತದೆ. ಹಿಡಿತ ಕಡಿಮೆಯಾಗುವುದಿಲ್ಲ, ಗಾಡಿ ಚೆನ್ನಾಗಿಯೇ ಎಳೆಯುತ್ತದೆ. ಕಾಲಿಗೆ ಮಾತ್ರ ಭಾರ ಜಾಸ್ತಿ. ಗಾಳಿಯ ಒತ್ತಡದಿಂದ ಪೆಡಲಿಗೆ ನೆರವಾಗುವ ಏರ್ ಬೂಸ್ಟರ್ ಇರುವ ದೊಡ್ಡ ಲಾರಿಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಸವೆತಕ್ಕೆ ತಾನೇ ಹೊಂದಿಕೊಳ್ಳುವ ಕ್ಲಚ್ಚನ್ನು ಜರ್ಮನಿಯ ಲುಕ್ ಕಂಪನಿ 1990ರ ದಶಕದಲ್ಲಿ ತಂದಿತು.

ಕೇಬಲ್ ಸರಿಯಿದ್ದೂ ಪೆಡಲ್ ದಿನೇ ದಿನೇ ಬಿಗಿಯಾಗುತ್ತಿದ್ದರೆ ಸ್ಲಿಪ್ ಹೊಡೆಯುವವರೆಗೆ ಕಾಯಬೇಡಿ. ಗೇರ್ ಬಾಕ್ಸ್ ಇಳಿಸಿದಾಗ ಫಿಂಗರ್ ತುದಿ ಸವೆದಿದೆಯೇ ನೋಡಿಸಿ. ಸವೆದಿದ್ದರೆ ಪ್ಲೇಟ್ ಒಂದನ್ನೇ ಬದಲಿಸುವುದು ಸುಮ್ನೆ ಖರ್ಚು. ಪ್ರೆಶರ್ ಪ್ಲೇಟ್, ತುಳಿದಾಗ ಫಿಂಗರುಗಳನ್ನು ಒತ್ತುವ ರಿಲೀಸ್ ಬೇರಿಂಗ್ ಜೊತೆಗೇ ಹಾಕಿಸಿ.