ಓದದೇ ಬಿಟ್ಟ ಮೆಮೊರಿಗೇ ಅಪಾಯ ಜಾಸ್ತಿ

ಉಪಗ್ರಹದ ಚಿಪ್‌ಗೆ ವಿಕಿರಣ ತಾಗದಂತೆ ಸುತ್ತ ಸೀಸದ ತಗಡು ಹೊದಿಸಿದರೆ ಸಾಕು ಎಂದು ತುಂಬಾ ಜನ ನಂಬಿದ್ದಾರೆ. ಸಾಲದು. ಕಾಸ್ಮಿಕ್ ಕಿರಣಗಳಲ್ಲಿರುವ ಭಾರವಾದ ಅಯಾನುಗಳು ತಗಡನ್ನು ತೂರಿಕೊಂಡೇ ಬರುತ್ತವೆ. ಬಂದವು ಹೆಚ್ಚಾಗಿ ಏನನ್ನೂ ಸುಡುವುದಿಲ್ಲ. ಮೆಮೊರಿಯ ಒಂದು 0 ಅನ್ನು 1 ಮಾಡಿ ಹೋಗುತ್ತವೆ, ಅಷ್ಟೇ.

ಅಷ್ಟೇ ಸಾಕು, ಅಲ್ವಾ? 2010ರಲ್ಲಿ ವಾಯೇಜರ್ 2 ನೌಕೆಯ ಕಂಪ್ಯೂಟರಿನಲ್ಲಿ ಒಂದೇ ಒಂದು ಬಿಟ್ 1 ಆಗಿಬಿಟ್ಟಿತು. ಅದು ಕಳಿಸುತ್ತಿದ್ದ ವಿಜ್ಞಾನದ ಮಾಹಿತಿಯೆಲ್ಲ ಓದಲಾಗದಂತಾಯಿತು.

ಎಸ್‌ರ್‍ಯಾಮ್ ಆಧಾರಿತ ಎಫ್‌ಪಿಜಿಎಯಲ್ಲಿ ಪಾಡು ಇನ್ನೂ ಕಷ್ಟ. ಎಸ್‌ರ್‍ಯಾಮ್ ಎಂದರೆ ವಿದ್ಯುತ್ ಇರುವವರೆಗೆ ಮಾತ್ರ ನೆನಪಿಡುವ ಮೆಮೊರಿ. ಎಫ್‌ಪಿಜಿಎ ಎಂದರೆ ತಯಾರಾದ ಮೇಲೂ ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಚಿಪ್. ಅಲ್ಲಿ ಪ್ರೊಸೆಸರಿನ ಸರ್ಕ್ಯೂಟ್ ಹೇಗಿರಬೇಕು ಎಂಬುದೂ ಮೆಮೊರಿಯಲ್ಲೇ ಇರುತ್ತದೆ. ಲೆಕ್ಕದ ಪುಸ್ತಕದಲ್ಲಿ ಒಂದು ಅಂಕಿ ತಪ್ಪುವುದು ಬೇರೆ, ಗುಮಾಸ್ತನ ತಲೆಯೇ ಕೆಡುವುದು ಬೇರೆ. ಫ್ಲ್ಯಾಶ್ ಎಫ್‌ಪಿಜಿಎ ಆರಿಸಿಕೊಂಡರೆ, ಸರ್ಕ್ಯೂಟಿನ ವಿವರ ಸುಲಭಕ್ಕೆ ಕೆಡದ ಫ್ಲ್ಯಾಶ್ ಮೆಮೊರಿಯಲ್ಲಿರುವುದರಿಂದ ಅದು ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಪ್ರೋಗ್ರಾಂ ಓಡುವ ಒಳಗಿನ ರ್‍ಯಾಮ್ ಆಗಲೂ ಎಸ್‌ರ್‍ಯಾಮೇ.

ಇಲ್ಲಿ ಕೈಹಿಡಿಯುವುದು ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ ಅವರ ಉಪಾಯ. ಬೆಲ್ ಲ್ಯಾಬ್ಸ್‌ನಲ್ಲಿ ವಾರದ ಕೊನೆಗೆ ಅವರು ಲೆಕ್ಕ ಹಾಕಿಟ್ಟು ಹೋದರೆ, ಯಂತ್ರ ತಪ್ಪು ಕಂಡ ಕೂಡಲೇ ಅದನ್ನು ಕೈಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗುತ್ತಿತ್ತು. ತಪ್ಪಿದೆ ಎಂದು ತಿಳಿಯುವ ಯಂತ್ರ ಎಲ್ಲಿ ತಪ್ಪಿದೆ ಎಂದು ಹುಡುಕಿ ಸರಿಮಾಡಬಾರದೇಕೆ ಎಂದು ಅವರಿಗೆ ಸಿಟ್ಟು ಬಂತು. 1950ರಲ್ಲಿ ಉತ್ತರ ಪ್ರಕಟಿಸಿದರು. ಇಂದು 32 ಬಿಟ್‌ಗಳ ಜೊತೆ 7 ಕಾವಲು ಬಿಟ್ ಇಟ್ಟರೆ, ಒಂದು ತಪ್ಪನ್ನು ತಿದ್ದಬಹುದು. ಎರಡಾದರೆ ಪತ್ತೆ ಮಾತ್ರ ಮಾಡಬಹುದು, ತಿದ್ದಲು ಬರುವುದಿಲ್ಲ.

ಈ ವ್ಯತ್ಯಾಸವನ್ನೇ ಜನ ಮರೆಯುತ್ತಾರೆ. ಒಂದೇ ತಪ್ಪಿರುವಾಗಲೇ ತಿದ್ದಬೇಕು, ಆದರೆ ತಪ್ಪು ಕಾಣುವುದು ಆ ಜಾಗವನ್ನು ಓದಿದಾಗ ಮಾತ್ರ. ಪ್ರೊಸೆಸರ್ ದಿನವೂ ಓಡಿಸುವ ಕೋಡ್ ಪದೇ ಪದೇ ಪರೀಕ್ಷೆಗೆ ಸಿಗುತ್ತದೆ. ತುರ್ತು ಸಮಯಕ್ಕೆಂದು ಬರೆದಿಟ್ಟ ಕೋಡನ್ನು ತಿಂಗಳುಗಟ್ಟಲೆ ಯಾರೂ ಮುಟ್ಟುವುದಿಲ್ಲ. ಅಲ್ಲಿ ಒಂದು ಬಿಟ್ ತಿರುಗಿ ಹಾಗೇ ಕೂತಿರುತ್ತದೆ. ಅದೇ ವರ್ಡ್‌ನಲ್ಲಿ, ಅಂದರೆ ಒಟ್ಟಿಗೆ ಕಾವಲಿರುವ ಅದೇ 32 ಬಿಟ್‌ಗಳ ಗುಂಪಿನಲ್ಲಿ, ಎರಡನೆಯದು ತಿರುಗಿತೋ, ನೌಕೆ ಕಷ್ಟಕ್ಕೆ ಸಿಕ್ಕಿದ ಹೊತ್ತಿನಲ್ಲೇ ಆ ಕೋಡ್ ಕೈಕೊಡುತ್ತದೆ. ಅದಕ್ಕೇ ಸ್ಕ್ರಬ್ಬರ್ ಬೇಕು. ಬೇಕಿರಲಿ ಬಿಡಲಿ, ಅದು ಪ್ರತಿ ವಿಳಾಸವನ್ನೂ ಸರದಿಯಲ್ಲಿ ಓದಿ, ತಿದ್ದಿ, ವಾಪಸ್ ಬರೆಯುತ್ತಾ ಇರುತ್ತದೆ. ಒಂದೇ ಕಣ ಅಕ್ಕಪಕ್ಕದ ಎರಡು ಬಿಟ್ ಕೆಡಿಸೀತು ಎಂದು, ಪಕ್ಕದ ಬಿಟ್‌ಗಳನ್ನು ಬೇರೆ ಬೇರೆ ವರ್ಡ್‌ಗಳಿಗೆ ಹಂಚಿಯೂ ಇಡುತ್ತಾರೆ.

ಕ್ಯಾಶ್‌ಗೆ, ಅಂದರೆ ಮುಖ್ಯ ಮೆಮೊರಿಯ ಪ್ರತಿಯನ್ನು ಪ್ರೊಸೆಸರ್ ಪಕ್ಕದಲ್ಲೇ ಇಡುವ ಚಿಕ್ಕ, ವೇಗದ ಮೆಮೊರಿಗೆ, ಇಷ್ಟೆಲ್ಲ ಬೇಡ. ಯುರೋಪಿನ ಲಿಯಾನ್3-ಎಫ್‌ಟಿ ಪ್ರೊಸೆಸರ್ ಅಲ್ಲಿ ಬರೀ ಪ್ಯಾರಿಟಿ, ಅಂದರೆ ತಪ್ಪಿದೆ ಎಂದಷ್ಟೇ ಹೇಳುವ ಕಾವಲು ಬಿಟ್, ಇಟ್ಟುಕೊಂಡಿದೆ. ಕ್ಯಾಶ್‌ಗೆ ಬರೆದದ್ದೆಲ್ಲ ಆಗಲೇ ಮುಖ್ಯ ಮೆಮೊರಿಗೂ ಹೋಗಿರುತ್ತದೆ. ತಪ್ಪು ಕಂಡರೆ ಆ ಪ್ರತಿಯನ್ನು ಬಿಸಾಡಿ, ಹೊಸದನ್ನು ತರಿಸಿಕೊಳ್ಳುತ್ತದೆ.