ಬಲ್ಲೆ, ಕೇಳಿದ್ದೇನೆ, ನಂಬಿದ್ದೇನೆ: ಪ್ರಮಾಣಪತ್ರದ ಕೊನೆಯ ವಾಕ್ಯ

ನಮ್ಮ ನ್ಯಾಯಾಲಯಗಳಿಗೆ ಸಲ್ಲಿಕೆಯಾಗುವ ಪ್ರಮಾಣಪತ್ರಗಳ (ಅಫಿಡವಿಟ್‌ಗಳ) ಕೊನೆಯಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯವಿರುತ್ತದೆ: ‘ಮೇಲ್ಕಂಡ ಎಲ್ಲ ಸಂಗತಿಗಳೂ ನನ್ನ ತಿಳಿವಳಿಕೆ, ಮಾಹಿತಿ ಮತ್ತು ನಂಬಿಕೆಯ ಮಟ್ಟಿಗೆ ಸತ್ಯವಾಗಿರುತ್ತವೆ.’ ಹಳೆಯ ಕಡತದಿಂದ ಹೊಸ ಕಡತಕ್ಕೆ ಹಾಗೆಯೇ ನಕಲಾಗುತ್ತ ಬರುವ ಈ ವಾಕ್ಯವನ್ನು ಕಕ್ಷಿದಾರರು ಓದುವುದು ಅಪರೂಪ. ರುಜು ಎಲ್ಲಿ ಹಾಕಬೇಕೆಂದು ಮಾತ್ರ ಕೇಳುತ್ತಾರೆ. ಆದರೆ ಇಡೀ ಪತ್ರದ ತೂಕ ನಿಂತಿರುವುದು ಈ ಸತ್ಯಾಪನೆಯ ಮೇಲೆಯೇ. ತಿಳಿವಳಿಕೆ ಎಂದರೆ ಸ್ವತಃ ಕಂಡದ್ದು, ಮಾಡಿದ್ದು. ಮಾಹಿತಿ ಎಂದರೆ ಇನ್ನೊಬ್ಬರಿಂದ ಅಥವಾ ಒಂದು ದಾಖಲೆಯಿಂದ ಬಂದದ್ದು. ನಂಬಿಕೆ ಎಂದರೆ ಆ ಮಾಹಿತಿಯ ಮೇಲೆ ತಾನು ತಳೆದ ನಿಲುವು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ ಯಾವ ಸಂಗತಿಗೆ ಯಾವ ಆಧಾರ ಎಂಬುದು ಓದುವ ನ್ಯಾಯಾಧೀಶರಿಗೆ ತಿಳಿಯುವುದಿಲ್ಲ.

ಕಾನೂನು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಆದೇಶದ 3ನೇ ನಿಯಮದ ಪ್ರಕಾರ, ಪ್ರಮಾಣಪತ್ರವು ಅದನ್ನು ಮಾಡುವವರು ತಮ್ಮ ಸ್ವಂತ ತಿಳಿವಳಿಕೆಯಿಂದ ರುಜುವಾತುಪಡಿಸಬಲ್ಲ ಸಂಗತಿಗಳಿಗೆ ಸೀಮಿತವಾಗಿರಬೇಕು. ದಾವೆ ನಡೆಯುತ್ತಿರುವಾಗ ಸಲ್ಲಿಸುವ ಮಧ್ಯಂತರ ಅರ್ಜಿಗಳಲ್ಲಿ ಮಾತ್ರ ನಂಬಿಕೆಯ ಹೇಳಿಕೆಗೆ ಅವಕಾಶವುಂಟು, ಅಲ್ಲಿಯೂ ಆ ನಂಬಿಕೆಗೆ ಕಾರಣವೇನೆಂದು ಹೇಳಲೇಬೇಕು. ಅನವಶ್ಯಕವಾಗಿ ಕೇಳಿದ ಮಾತುಗಳನ್ನು ತುಂಬಿದ ಪ್ರಮಾಣಪತ್ರದ ಖರ್ಚನ್ನು, ನ್ಯಾಯಾಲಯ ಬೇರೆ ರೀತಿ ಹೇಳದ ಹೊರತು, ಸಲ್ಲಿಸಿದವರೇ ಹೊರಬೇಕೆಂದೂ ಅದೇ ನಿಯಮ ಹೇಳುತ್ತದೆ. ವಾದಪತ್ರ ಮತ್ತು ಪ್ರತಿವಾದಪತ್ರಗಳಿಗೆ 6ನೇ ಆದೇಶದ 15ನೇ ನಿಯಮವಿದೆ: ಯಾವ ಕಂಡಿಕೆಗಳು ಸ್ವಂತ ತಿಳಿವಳಿಕೆಯಿಂದ, ಯಾವುವು ಕೇಳಿ ನಂಬಿದ್ದರಿಂದ ಎಂಬುದನ್ನು ಕಂಡಿಕೆಯ ಸಂಖ್ಯೆ ಸಹಿತ ಬರೆದು, ಸ್ಥಳ ಮತ್ತು ದಿನಾಂಕ ನಮೂದಿಸಿ ರುಜು ಮಾಡಬೇಕು.

ಸರ್ವೋಚ್ಚ ನ್ಯಾಯಾಲಯ 1952ರಲ್ಲಿಯೇ, ಬಾಂಬೆ ರಾಜ್ಯ ಕಕ್ಷಿಯಾಗಿದ್ದ ಪುರುಷೋತ್ತಮ ಜೋಗ್ ನಾಯಕ್ ಪ್ರಕರಣದಲ್ಲಿ, ಈ ಬಗ್ಗೆ ಎಚ್ಚರಿಸಿತ್ತು. ಅಲ್ಲಿ ಪ್ರಮಾಣಪತ್ರ ಸಲ್ಲಿಸಿದವರು ಸರ್ಕಾರದ ಕಾರ್ಯದರ್ಶಿ. ಒಳಗಿನ ಕೆಲವು ಸಂಗತಿಗಳು ಅವರಿಗೆ ಖುದ್ದಾಗಿ ತಿಳಿದವು ಎಂದು ಪತ್ರವೇ ಹೇಳುತ್ತಿತ್ತು, ಸತ್ಯಾಪನೆ ಮಾತ್ರ ಎಲ್ಲವೂ ಮಾಹಿತಿ ಮತ್ತು ನಂಬಿಕೆಯ ಮಟ್ಟಿಗೆ ಸತ್ಯ ಎಂದಿತ್ತು. ಇಂಥ ಅಜಾಗರೂಕ ಸತ್ಯಾಪನೆಯಿಂದ ಪ್ರಮಾಣಪತ್ರವೇ ತಿರಸ್ಕೃತವಾಗಬಹುದು, ಖುದ್ದು ತಿಳಿಯದ ಸಂಗತಿಗೆ ಮಾಹಿತಿಯ ಮೂಲವನ್ನು ತಿಳಿಸಲೇಬೇಕು ಎಂದು ನ್ಯಾಯಾಲಯ ಹೇಳಿತು. ಅಷ್ಟು ವರ್ಷಗಳ ಹಿಂದಿನ ಈ ಮಾತು ಇಂದಿಗೂ ತಾಲ್ಲೂಕು ಮಟ್ಟದ ಕಡತಗಳಿಗೆ ಇಳಿದಿಲ್ಲವೆಂಬುದು ನನಗೆ ನಿಜವಾದ ಬೇಸರ.

ಒಂದು ಮಾದರಿಯನ್ನು ನೋಡೋಣ. ಪಟ್ಟಣದಲ್ಲಿ ವಾಸವಿರುವ ವ್ಯಕ್ತಿಯೊಬ್ಬರು ಊರಿನ ಜಮೀನಿನ ಬಗ್ಗೆ ತಾತ್ಕಾಲಿಕ ತಡೆಯಾಜ್ಞೆ ಕೋರುತ್ತಾರೆ ಎಂದಿಟ್ಟುಕೊಳ್ಳಿ. 2ನೇ ಕಂಡಿಕೆಯಲ್ಲಿ ತಂದೆ 1978ರಲ್ಲಿ ಜಮೀನನ್ನು ಕ್ರಯಕ್ಕೆ ಪಡೆದರೆಂದಿದೆ. ಆಗ ಇವರು ಹುಟ್ಟಿರಲೇ ಇಲ್ಲ. 3ನೆಯದರಲ್ಲಿ ಖಾತೆ ಬದಲಾವಣೆ ಮತ್ತು ಪಹಣಿಯ ವಿವರ. 4ನೆಯದರಲ್ಲಿ ಪ್ರತಿವರ್ಷ ಆಳು ಹಚ್ಚಿ ಉಳುಮೆ ಮಾಡಿಸುತ್ತ ಬಂದಿರುವ ಸಂಗತಿ. 5ನೆಯದರಲ್ಲಿ ಪಕ್ಕದವರು ರಾತ್ರಿ ಬಂದು ಬಾಂದುಕಲ್ಲುಗಳನ್ನು ಕಿತ್ತರೆಂಬ ಆರೋಪ. ಅದನ್ನು ಕಂಡವರು ಊರಿನಲ್ಲಿರುವ ತಮ್ಮ, ಇವರಿಗೆ ತಿಳಿದದ್ದು ಫೋನಿನ ಮೂಲಕ. 6ನೆಯದರಲ್ಲಿ ಮಾರನೆಯ ದಿನ ತಾವೇ ಹೋಗಿ ಕಿತ್ತುಬಿದ್ದ ಕಲ್ಲುಗಳನ್ನು ನೋಡಿದ್ದು. 7ನೆಯದು ತಮಗೆ ಕಾನೂನಿನಂತೆ ಪರಿಹಾರ ಸಿಗಬೇಕೆಂಬ ಮಾತು.

ಇದಕ್ಕೆ ಸತ್ಯಾಪನೆ ಹೀಗಿರಬೇಕು: ‘4 ಮತ್ತು 6ನೇ ಕಂಡಿಕೆಗಳಲ್ಲಿನ ಸಂಗತಿಗಳು ನನ್ನ ಸ್ವಂತ ತಿಳಿವಳಿಕೆಯಿಂದ ಸತ್ಯ, 2 ಮತ್ತು 3ನೇ ಕಂಡಿಕೆಗಳು ಇದರೊಂದಿಗೆ ಹಾಜರುಪಡಿಸಿರುವ ಕ್ರಯಪತ್ರ ಹಾಗೂ ಪಹಣಿಗಳಿಂದ ತಿಳಿದು ಸತ್ಯವೆಂದು ನಂಬಿರುವಂಥವು, 5ನೆಯದು ನನ್ನ ತಮ್ಮ ತಿಳಿಸಿದ್ದನ್ನು ಕೇಳಿ ಸತ್ಯವೆಂದು ನಂಬಿರುವಂಥದು, 7ನೆಯದು ವಕೀಲರ ಸಲಹೆಯಿಂದ ನಂಬಿರುವಂಥದು.’ ಹೀಗೆ ಬರೆಯೋಣವೆಂದಾಗ ಕಕ್ಷಿದಾರರಲ್ಲಿ ಒಂದು ಅಳುಕು ಕಾಣಿಸುತ್ತದೆ. ‘ನಾನೇ ನೋಡಿದೆ ಎಂದರೆ ಗಟ್ಟಿಯಾಗುವುದಿಲ್ಲವೇ?’ ಎಂದು ಕೇಳುತ್ತಾರೆ. ಗಟ್ಟಿಯಾಗುವುದಿಲ್ಲ. ಎಲ್ಲವನ್ನೂ ಖುದ್ದು ಬಲ್ಲೆನೆಂದು ಪ್ರಮಾಣ ಮಾಡಿದವರನ್ನು ಎದುರು ವಕೀಲರು ‘ಆ ರಾತ್ರಿ ನೀವೆಲ್ಲಿದ್ದಿರಿ?’ ಎಂದು ಕೇಳಿದರೆ, ಆ ಒಂದು ಉತ್ತರದಿಂದ 5ನೇ ಕಂಡಿಕೆ ಮಾತ್ರವಲ್ಲ, ಅವರು ನಿಜವಾಗಿಯೂ ಕಣ್ಣಾರೆ ಕಂಡ 6ನೇ ಕಂಡಿಕೆಯೂ ಅನುಮಾನಕ್ಕೆ ಒಳಗಾಗುತ್ತದೆ. ಕಲ್ಲು ಕಿತ್ತದ್ದನ್ನು ಕಂಡ ತಮ್ಮನಿಂದ ಪ್ರತ್ಯೇಕ ಪ್ರಮಾಣಪತ್ರ ಮಾಡಿಸುವುದೇ ಸರಿಯಾದ ದಾರಿ.

ನಂಬಿಕೆಯ ಹೇಳಿಕೆಗೆ ಹೊಣೆಯಿಲ್ಲವೆಂಬ ತಪ್ಪು ತಿಳಿವಳಿಕೆಯೂ ಜನರಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 227ನೇ ಪ್ರಕರಣದ (ಸೆಕ್ಷನ್) ಪ್ರಕಾರ, ತಾನು ನಂಬದೇ ಇರುವುದನ್ನು ನಂಬಿದ್ದೇನೆಂದು ಪ್ರಮಾಣ ಮಾಡಿ ಹೇಳುವುದೂ ಸುಳ್ಳು ಸಾಕ್ಷ್ಯವೇ; ನ್ಯಾಯಾಂಗ ನಡವಳಿಯಲ್ಲಿ ಉದ್ದೇಶಪೂರ್ವಕವಾಗಿ ಸುಳ್ಳು ಸಾಕ್ಷ್ಯ ನುಡಿದರೆ 7 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಅದೇ ಕಾನೂನು ಪ್ರಾಮಾಣಿಕರನ್ನು ಕಾಪಾಡುತ್ತದೆ ಕೂಡ. ಒಬ್ಬರ ಕೈಬರಹವನ್ನು ಬಲ್ಲವರು ‘ಈ ರುಜು ಅವರದೆಂದು ನಂಬುತ್ತೇನೆ’ ಎಂದು ಸದ್ಭಾವನೆಯಿಂದ ಹೇಳಿದ್ದರೆ, ಮುಂದೆ ಅದು ಅವರ ರುಜುವಲ್ಲವೆಂದು ತೇಲಿದರೂ ಹೇಳಿದವರು ಅಪರಾಧಿಯಾಗುವುದಿಲ್ಲ. ‘ಅವರೇ ರುಜು ಮಾಡಿದರು, ನಾನು ನೋಡಿದೆ’ ಎಂದಿದ್ದರೆ ಆ ರಕ್ಷಣೆ ಸಿಗದು.

ಪತ್ರಗಳಿಗೆ ಸಾಕ್ಷಿ ಹಾಕುವವರ ಮಾತಿಗೂ ಇಂಥದೇ ಗಡಿಯಿದೆ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಪ್ರಕರಣದಂತೆ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು; ಪ್ರತಿಯೊಬ್ಬರೂ ಬರೆದವರು ರುಜು ಹಾಕುವುದನ್ನು ಕಂಡಿರಬೇಕು ಅಥವಾ ಅದು ತಮ್ಮದೇ ರುಜುವೆಂದು ಅವರು ಒಪ್ಪಿದ್ದನ್ನು ಅವರ ಬಾಯಿಂದ ಕೇಳಿರಬೇಕು, ಆಮೇಲೆ ಅವರ ಎದುರಿನಲ್ಲಿಯೇ ತಾವು ರುಜು ಹಾಕಬೇಕು. ಇಬ್ಬರೂ ಒಂದೇ ಹೊತ್ತಿನಲ್ಲಿ ಇರಬೇಕೆಂದಿಲ್ಲ, ಉಯಿಲಿನ ಒಳಗೆ ಏನಿದೆಯೆಂದು ತಿಳಿದಿರಬೇಕೆಂದೂ ಇಲ್ಲ. ಸಾಕ್ಷಿ ಹೊಣೆ ಹೊರುವುದು ರುಜುವಾದ ಘಟನೆಗೆ, ಹಂಚಿಕೆಯ ನ್ಯಾಯಾನ್ಯಾಯಕ್ಕಲ್ಲ. ಆದುದರಿಂದ ‘ಒಳಗೇನಿದೆಯೋ ಗೊತ್ತಿಲ್ಲ’ ಎಂದು ಹಿಂಜರಿಯುವವರು ಸಾಕ್ಷಿಯಾಗಲು ಅನರ್ಹರಲ್ಲ. ಬರೆದವರನ್ನು ಕಾಣದೆ, ಮನೆಗೆ ಬಂದ ಪತ್ರಕ್ಕೆ ದಾಕ್ಷಿಣ್ಯದಿಂದ ರುಜು ಹಾಕಿಕೊಡುವವರು ಮಾತ್ರ ತಾವು ಕಾಣದ ಘಟನೆಯನ್ನು ಕಂಡೆನೆಂದು ಬರೆದುಕೊಟ್ಟಂತೆ. ಉಯಿಲಿಗೆ ಸಾಕ್ಷಿ ಹಾಕಿದವರಲ್ಲಿ ಬದುಕಿರುವ ಒಬ್ಬರನ್ನಾದರೂ ಮುಂದೆ ಕಟಕಟೆಗೆ ಕರೆಯಲೇಬೇಕಾಗುವುದರಿಂದ, ಆ ದಾಕ್ಷಿಣ್ಯದ ಬೆಲೆ ತೆರುವವರು ಬಹುಮಟ್ಟಿಗೆ ಸತ್ತವರ ಮಕ್ಕಳು.

ದೃಢೀಕೃತ ನಕಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಕಲು ಮೂಲದಂತೆಯೇ ಇದೆ ಎಂಬುದಷ್ಟೇ ಅಧಿಕಾರಿಯ ಮಾತು. ಮೂಲದಲ್ಲಿ ಬರೆದಿರುವುದು ನಿಜವೆಂದಲ್ಲ. ಕ್ರಯಪತ್ರ ನೋಂದಣಿಯಾದ ಮಾತ್ರಕ್ಕೆ ಮಾರಿದವರಿಗೆ ಹಕ್ಕಿತ್ತೆಂದು ಉಪನೋಂದಣಾಧಿಕಾರಿ ಹೊಣೆ ಹೊತ್ತಂತೆಯೂ ಆಗುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ ಈ ವಿಷಯದಲ್ಲಿ ಹೊಸ ಶಿಸ್ತೊಂದನ್ನು ತಂದಿದೆ. ಮೊಬೈಲಿನ ಸಂದೇಶ, ಕ್ಯಾಮೆರಾದ ದೃಶ್ಯ ಮುಂತಾದ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ 63ನೇ ಪ್ರಕರಣದಡಿ ಎರಡು ಭಾಗಗಳ ದೃಢೀಕರಣ ಪತ್ರ (ಸರ್ಟಿಫಿಕೇಟ್) ಬೇಕು: ಒಂದು ಭಾಗ ದಾಖಲೆ ಸಲ್ಲಿಸುವವರದು, ಇನ್ನೊಂದು ತಜ್ಞರದು. ಸಾಧನ ಯಾವುದು, ಅದು ಯಾರ ಹತೋಟಿಯಲ್ಲಿತ್ತು, ಕಡತದ ಹ್ಯಾಶ್ ಮೌಲ್ಯ (ಕಡತದಿಂದ ಲೆಕ್ಕಹಾಕಿ ಪಡೆಯುವ, ಬೆರಳಚ್ಚಿನಂಥ ಗುರುತು) ಎಷ್ಟು, ಅದನ್ನು ಯಾವ ವಿಧಾನದಿಂದ ಪಡೆಯಲಾಯಿತು ಎಂಬುದನ್ನು ನಮೂನೆಯಲ್ಲಿ ತುಂಬಬೇಕು. ಸಾಧನ ಸರಿಯಾಗಿ ಕೆಲಸ ಮಾಡುತ್ತಿತ್ತೆಂಬಂಥ ಸಂಗತಿಗಳನ್ನು ‘ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ’ ಹೇಳಿದರೆ ಸಾಕೆಂದು ಕಾನೂನೇ ಇಲ್ಲಿ ಒಪ್ಪುತ್ತದೆ. ಹ್ಯಾಶ್ ಮೌಲ್ಯಕ್ಕೆ ಮಾತ್ರ ನಂಬಿಕೆಯ ಮಾತು ನೆರವಾಗದು: ಕಡತದ ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ, ಎದುರು ಪಕ್ಷದವರು ಅದನ್ನು ತಾವೇ ಲೆಕ್ಕಹಾಕಿ ನೋಡಬಹುದು. ಹೀಗಾಗಿ ಈ ನಮೂನೆ ತುಂಬುವ ಮೊದಲು ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡು, ದೃಶ್ಯವನ್ನು ಸೆರೆಹಿಡಿದವರು ಯಾರು, ಕಕ್ಷಿದಾರರ ಕೈಗೆ ಅದು ಬಂದದ್ದು ಯಾರಿಂದ ಎಂದು ಕೇಳುತ್ತೇನೆ. ಇನ್ನೊಬ್ಬರು ಕಳುಹಿಸಿದ್ದಾದರೆ, ಕಳುಹಿಸಿದವರನ್ನೇ ಕರೆತರಲು ಹೇಳುತ್ತೇನೆ.